ಎರಡು ವಯಸ್ಸಿನ ಅತ್ತೆ

ನಮ್ಮತ್ತೆಗೆ ಎಷ್ಟು ವಯಸ್ಸು ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. "ಯಾವುದು ಬೇಕು?" ಎಂದು ತಿರುಗಿ ಕೇಳುತ್ತೇನೆ. ಎಲ್ಲರಿಗೂ ದೇವರು ಒಂದೇ ವಯಸ್ಸು ಕೊಟ್ಟು ಕಳಿಸುತ್ತಾನೆ, ಅದನ್ನು ಮುಚ್ಚಿಡುವುದರಲ್ಲೇ ನಮ್ಮ ಅರ್ಧ ಆಯುಷ್ಯ ಕಳೆದುಹೋಗುತ್ತದೆ. ನಮ್ಮತ್ತೆಗೆ ಎರಡು ವಯಸ್ಸು, ಎರಡನ್ನೂ ಆಕೆ ಮುಚ್ಚಿಟ್ಟವಳಲ್ಲ! ಸದ್ಯಕ್ಕೆ ಆಫೀಸಿನ ಪ್ರಕಾರ ಎಪ್ಪತ್ತಾರು, ಹೆತ್ತವರ ಪ್ರಕಾರ ಎಪ್ಪತ್ತನಾಲ್ಕು. ನಡವಳಿಕೆಯ ಪ್ರಕಾರ ಎಷ್ಟು ಎಂಬುದನ್ನು ನೀವೇ ಓದಿ ತೀರ್ಮಾನಿಸಿ. ಮೊನ್ನೆ ಕೆ.ಆರ್. ಪುರದಿಂದ ಮೆಟ್ರೋ ಹತ್ತಿದಾಗ ಒಬ್ಬ ಹುಡುಗ ಗೌರವದಿಂದ ಎದ್ದು ಸೀಟು ಬಿಟ್ಟುಕೊಟ್ಟ. ಅತ್ತೆ ಅವನನ್ನು ಕನಿಕರದಿಂದ ನೋಡಿ, "ಯಾಕಪ್ಪಾ, ಬೆನ್ನು ನೋವಾ?" ಎಂದಳು.

ಅತ್ತೆ ಎಂದರೆ ಗಂಡನ ತಾಯಿ ಅಂದುಕೊಂಡು ಹೆದರಬೇಡಿ. ಈಕೆ ನಮ್ಮಪ್ಪನ ಅಕ್ಕ. ಮದುವೆಯಾಗಲಿಲ್ಲ. ನಮ್ಮ ಜೊತೆ ಇದ್ದಳು ಎಂದು ನೆಂಟರು ಹೇಳುವುದುಂಟು, ಅದು ಸುಳ್ಳು. ನಾವೇ ಅವಳ ಜೊತೆ ಇದ್ದದ್ದು. ಅವಳು ವಿಮಾ ಕಂಪನಿಯಲ್ಲಿ ನೌಕರಿಯಲ್ಲಿದ್ದವಳು. ಇಂದಿರಾನಗರದ ಸ್ಟಾಫ್ ಕಾಲೊನಿಯ ಎರಡು ಕೋಣೆಯ ಕ್ವಾರ್ಟರ್ಸ್ ಅವಳ ಹೆಸರಿನದು. ಅಪ್ಪ, ಅಮ್ಮ ಒಂದು ಕೋಣೆಯಲ್ಲಿ, ನಾನು ಮತ್ತು ಅತ್ತೆ ಇನ್ನೊಂದರಲ್ಲಿ. ಅವಳನ್ನು ನಾನು ಏಕವಚನದಲ್ಲಿ ಕರೆಯುವುದು ನೋಡಿ ನೀವು ಹುಬ್ಬೇರಿಸಬಹುದು. ಒಮ್ಮೆ ಬಹುವಚನ ಹಾಕಿದ್ದಕ್ಕೆ, "ಅದನ್ನ ಆಫೀಸಲ್ಲಿ ಸಾಕಷ್ಟು ಹಾಕಿಸ್ಕೊಂಡಿದೀನಿ, ಮನೇಲೂ ಶುರು ಮಾಡ್ಬೇಡ" ಎಂದು ಗದರಿದ್ದಳು.

ಇನ್ನು ಆ ಎರಡು ವಯಸ್ಸಿನ ಕಥೆ. ಅತ್ತೆ ನಾಲ್ಕು ವರ್ಷದವಳಿದ್ದಾಗ ಮನೆಯಲ್ಲಿ ಒಂದು ಸಾಮಾನನ್ನೂ ಸರಿಯಾಗಿ ಉಳಿಯಗೊಡುತ್ತಿರಲಿಲ್ಲವಂತೆ. "ಇವಳನ್ನ ಶಾಲೆಗಾದ್ರೂ ಸೇರಿಸಿ, ಇಲ್ಲಾ ನನ್ನನ್ನ ಆಸ್ಪತ್ರೆಗೆ ಸೇರಿಸಿ" ಎಂದು ಅಜ್ಜಿ ಕೈಮುಗಿದಳಂತೆ. ತಾತ ಹಲಸೂರಿನ ಶಾಲೆಗೆ ಕರೆದುಕೊಂಡು ಹೋಗಿ ಆರು ವರ್ಷ ಎಂದು ಹೇಳಿಬಿಟ್ಟ. ಆಗ ಜನನಪತ್ರ ಯಾರ ಬಳಿ ಇರುತ್ತಿತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ತುಂಬಿದೆ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅಷ್ಟೇ ಪರೀಕ್ಷೆ. ನಮ್ಮತ್ತೆಗೆ ಕೈ ಉದ್ದ. ಕಿವಿ ಮುಟ್ಟಿದ್ದಲ್ಲದೆ ಕಿವಿಯೋಲೆ ತಿರುಗಿಸಿಯೂ ತೋರಿಸಿದಳಂತೆ! ಹೆಡ್‌ಮೇಷ್ಟರು ಸಂತೋಷದಿಂದ ಆರು ಎಂದು ಬರೆದುಕೊಂಡರು.

ಹೆಚ್ಚಾಗಿ ಬರೆಸಿದ ಆ ಎರಡು ವರ್ಷ ದಾಖಲೆಯಲ್ಲಿ ಸುಮ್ಮನೆ ಕೂತಿತ್ತು. ತಾತ ಅದೇ ವಿಮಾ ಕಂಪನಿಯಲ್ಲಿ ಗುಮಾಸ್ತನಾಗಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ತೀರಿಕೊಂಡ. ಮಕ್ಕಳಲ್ಲಿ ಹದಿನೆಂಟು ತುಂಬಿದವರಿದ್ದರೆ ಕೆಲಸ ಕೊಡುತ್ತೇವೆ ಎಂದಿತು ಆಫೀಸು. ಅತ್ತೆಗೆ ಆಗ ಹದಿನಾರು, ಶಾಲೆಯ ದಾಖಲೆಯಲ್ಲಿ ಹದಿನೆಂಟು. ನಮ್ಮಪ್ಪ ಹನ್ನೆರಡರ ಹುಡುಗ. ಅತ್ತೆ ಕೆಲಸಕ್ಕೆ ಸೇರಿಕೊಂಡಳು. ಹೀಗೆ ಅವಳ ಬದುಕಿನಲ್ಲಿ ಹದಿನಾರೂ ಹದಿನೇಳೂ ಬರಲೇ ಇಲ್ಲ. ಆಫೀಸು ಅವಳಿಗೆ ಕೊಟ್ಟ ಕೆಲಸ ಯಾವುದು ಗೊತ್ತೇ? ಹೊಸದಾಗಿ ವಿಮೆ ಮಾಡಿಸುವವರ ವಯಸ್ಸಿನ ದಾಖಲೆ ಪರಿಶೀಲಿಸುವುದು! ಊರಿನವರ ವಯಸ್ಸನ್ನೆಲ್ಲ ಕನ್ನಡಕ ಏರಿಸಿ ನೋಡುತ್ತಾ ಇಡೀ ಸರ್ವಿಸು ಮುಗಿಸಿದಳು. ನಿವೃತ್ತಿಯ ದಿನ ಭಾಷಣ ಮಾಡಲು ಎದ್ದು, "ನಿಜ ಹೇಳ್ಬೇಕಂದ್ರೆ ನಂಗಿನ್ನೂ ಐವತ್ತೆಂಟು" ಎಂದು ಸತ್ಯವನ್ನೇ ನುಡಿದಳು. ಜನ ಚಪ್ಪಾಳೆ ತಟ್ಟಿದರು. ಈ ಉತ್ಸಾಹವನ್ನು ಕಿರಿಯರು ಕಲಿಯಬೇಕು ಎಂದು ಮ್ಯಾನೇಜರು ಹಾರ ಹಾಕಿ ಮನೆಗೆ ಕಳಿಸಿದರು.

ಮದುವೆ ಯಾಕಾಗಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ರಿಚರ್ಡ್ಸ್ ಟೌನಿನಿಂದ ಒಂದು ಗಂಡಿನ ಕಡೆಯವರು ಬಂದಿದ್ದರಂತೆ. ಹುಡುಗಿಗೆ ವಯಸ್ಸೆಷ್ಟು ಎಂದಾಗ ಅತ್ತೆ ಉಪ್ಪಿಟ್ಟಿನ ತಟ್ಟೆ ಇಡುತ್ತಾ, "ಜಾತಕದಲ್ಲಿ ಇಪ್ಪತ್ತೈದು, ಆಫೀಸಲ್ಲಿ ಇಪ್ಪತ್ತೇಳು. ನಿಮಗೆ ಯಾವುದು ಹೊಂದತ್ತೋ ನೋಡ್ಕೊಳಿ" ಎಂದಳಂತೆ. ಅವರು ಉಪ್ಪಿಟ್ಟು ತಿಂದು ಹೋದವರು ಕಾಗದ ಬರೆಯಲಿಲ್ಲ. "ಉಪ್ಪಿಟ್ಟು ಚೆನ್ನಾಗಿತ್ತು ಅಂತಾದ್ರೂ ಬರೀಬಹುದಿತ್ತು" ಎನ್ನುವುದು ಅತ್ತೆಯ ಇವತ್ತಿನವರೆಗಿನ ದೂರು.

ಇಂಥವಳ ಕೋಣೆಯಲ್ಲಿ ನಾನು ಹರೆಯಕ್ಕೆ ಕಾಲಿಟ್ಟೆ! ಅದೂ ಎಲ್ಲರಿಗಿಂತ ಆರು ತಿಂಗಳು ಮೊದಲೇ. ನನಗೆ ಹನ್ನೆರಡೂವರೆ ಆದ ದಿನ ಊಟಕ್ಕೆ ಕುಳಿತಾಗ ಅತ್ತೆ, "ಇವತ್ತಿಂದ ಇವಳಿಗೆ ಹದಿಮೂರು" ಎಂದು ಘೋಷಿಸಿದಳು. ವಿಮೆಯವರ ಲೆಕ್ಕ ಹಾಗಂತೆ. ಯಾವ ಹುಟ್ಟುಹಬ್ಬ ಹತ್ತಿರವೋ ಆ ವಯಸ್ಸು. ಅರ್ಧ ವರ್ಷ ದಾಟಿತೆಂದರೆ ಮುಂದಿನದು. ಅಮ್ಮ, "ಸುಮ್ನಿರಿ ಅಕ್ಕಾ, ಅವಳಿನ್ನೂ ಮಗು" ಎಂದಳು. "ನಮ್ಮ ಕಂಪನಿ ಒಪ್ಪಲ್ಲ" ಎಂದಳು ಅತ್ತೆ. ಮರುದಿನವೇ ನನ್ನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋಗಿ ಗಾಜಿನ ಬಳೆ, ಬಣ್ಣದ ಕ್ಲಿಪ್ಪು, ಮಿಂಚುವ ರಿಬ್ಬನ್ನು ಕೊಡಿಸಿದಳು. ಪ್ರತಿಯೊಂದರಲ್ಲೂ ಎರಡು ಜೊತೆ. ಎರಡನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ. ಸಂಜೆ ಅತ್ತೆಯ ತಲೆಯಲ್ಲಿ ಚಿಟ್ಟೆಯ ಕ್ಲಿಪ್ಪು ನೋಡಿದ ಮೇಲೆ ಕೇಳುವ ಅಗತ್ಯವೂ ಬೀಳಲಿಲ್ಲ.

ಉಳಿದ ಹುಡುಗಿಯರ ಮನೆಯಲ್ಲಿ ಅತ್ತೆ, ಅಜ್ಜಿ, ದೊಡ್ಡಮ್ಮಂದಿರು ಹರೆಯದ ಮಕ್ಕಳಿಗೆ ಬೇಲಿ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಬೇಲಿಯೇ ನನಗಿಂತ ಮುಂಚೆ ಹಾರಿ ಆಚೆ ನಿಂತಿರುತ್ತಿತ್ತು. ನಾನು ಸೈಕಲ್ ಕಲಿಯಬೇಕು ಎಂದೆ. "ನಾನೂ" ಎಂದಳು. ಅವಳಿಗಾಗ ನಲವತ್ತನಾಲ್ಕು, ಆಫೀಸಿನಲ್ಲಿ ನಲವತ್ತಾರು. ಬಾಡಿಗೆ ಸೈಕಲ್ ತೆಗೆದುಕೊಂಡು ಹಲಸೂರು ಕೆರೆಯ ಆಚೆ ಮಿಲಿಟರಿಯವರ ರಸ್ತೆಗೆ ಹೋದೆವು. ಅಲ್ಲಿ ವಾಹನ ಕಡಿಮೆ, ಮರ ಜಾಸ್ತಿ. ಸೀರೆಯ ಸೆರಗು ಬಿಗಿದು ಹತ್ತಿದವಳನ್ನು ನಾನು ಹಿಂದಿನಿಂದ ತಳ್ಳಿ ಕೈಬಿಟ್ಟೆ. ಸೈಕಲ್ ಇಳಿಜಾರಿನಲ್ಲಿ ಹೊರಟಿತು.

"ಅತ್ತೇ, ಬ್ರೇಕ್ ಹಾಕು!"

"ಇವತ್ತು ಓಡಿಸೋದು ಕಲೀತೀನಿ. ನಿಲ್ಸೋದು ನಾಳೆ!"

ಎದುರಿಗೆ ಯಾವುದೋ ಮಿಲಿಟರಿ ಕಾಂಪೌಂಡಿನ ಗೇಟು. ಬಂದೂಕು ಹಿಡಿದ ಕಾವಲುಗಾರ ನೆಟ್ಟಗಾಗಿ, "ರುಕೋ! ಕೌನ್ ಹೈ?" ಎಂದು ಗುಡುಗಿದ. "ರುಕ್ನಾ ನಹೀ ಆತಾ ಭಯ್ಯಾ!" ಎಂದು ಅತ್ತೆಯೂ ಗುಡುಗಿದಳು. ನಿಲ್ಲಲು ಬಾರದವಳನ್ನು ನಿಲ್ಲಿಸುವ ತರಬೇತಿ ಅವನಿಗೂ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಗೇಟು ಉಳಿಸಿಕೊಳ್ಳಲು ಗೇಟು ತೆಗೆದ. ಅತ್ತೆ ಒಳಗೆ ಹೋಗಿ ದಾಸವಾಳದ ಬೇಲಿಗೆ ಒರಗಿ ನಿಂತಳು. ಕಾವಲುಗಾರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದುಕೊಟ್ಟ. ಅತ್ತೆಯ ಕೈಯಲ್ಲಿ ಮಾತ್ರ ಒಂದು ದಾಸವಾಳ ಇತ್ತು.

ಪಿಯುಸಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಕಾಲೇಜಿಗೆ ಚಕ್ಕರ್ ಹೊಡೆದು ಹಲಸೂರಿನ ಒಂದು ಟಾಕೀಸಿಗೆ ಮ್ಯಾಟಿನಿಗೆ ಹೋದೆ. ಜೊತೆಗಿದ್ದವಳು ಗೆಳತಿ ಸೆಲ್ವಿ. ಜೀವನದಲ್ಲಿ ಮೊದಲ ಕಳ್ಳತನ. ಮಧ್ಯಂತರದ ದೀಪ ಹತ್ತಿತು. ಎರಡು ಸಾಲು ಮುಂದೆ ಸಮೋಸ ಹಿಡಿದು ತಿರುಗಿದವಳು ಯಾರು? ನಮ್ಮತ್ತೆ! ನನ್ನ ಜೀವ ಬಾಯಿಗೆ ಬಂತು. ಅವಳ ಬಾಯಿಯಲ್ಲಿ ಸಮೋಸ ಇತ್ತು, ನುಂಗಿ ಮುಗಿಸಿದಳು.

"ರಜಾ ಚೀಟಿ ಕೊಟ್ಟು ಬಂದ್ಯಾ?"

"ಇ... ಇಲ್ಲ."

"ಥೂ ನಿನ್ನ! ನಾನು ಅರ್ಧ ದಿನ ಸಿ.ಎಲ್. ಬರೆದುಕೊಟ್ಟು ಬಂದಿದೀನಿ. ಯಾವ್ದಕ್ಕೂ ಒಂದು ಶಿಸ್ತು ಬೇಡ್ವಾ?"

ಆಮೇಲೆ ಮೂವರೂ ಒಂದೇ ಸಾಲಿನಲ್ಲಿ ಕೂತು ಉಳಿದರ್ಧ ನೋಡಿದೆವು. ಈಗ ನೀವೇ ಹೇಳಿ, ದಂಗೆಯೇಳಬೇಕಾದ ವಯಸ್ಸಿನಲ್ಲಿ ಯಾರ ಮೇಲೆ ಏಳುವುದು? ಮುಂದಿನ ವಾರ ಸೆಲ್ವಿ, "ಈ ಸಲ ಎಲ್ಲಿಗೆ ಹೋಗೋಣ, ಆಂಟಿನ ಕೇಳೇ" ಎಂದಳು. ನನ್ನ ಗೆಳತಿಯರು ನನ್ನನ್ನು ಬಿಟ್ಟು ಅತ್ತೆಯ ಗೆಳತಿಯರಾಗುತ್ತಿದ್ದರು.

ಇಲ್ಲಿಂದ ಮುಂದಿನದನ್ನು ನಗುತ್ತಾ ಹೇಳಲು ನನಗೆ ಸ್ವಲ್ಪ ಕಷ್ಟ. ಹದಿನೇಳರ ಹುಡುಗಿಗೆ ಜಗತ್ತಿನಲ್ಲಿ ಬೇರೆ ಯಾವ ಭಯವೂ ಇರುವುದಿಲ್ಲ, ನಾಲ್ಕು ಜನ ನೋಡಿ ನಕ್ಕಾರು ಎಂಬುದೊಂದನ್ನು ಬಿಟ್ಟು. ಅತ್ತೆಯ ಚಿಟ್ಟೆ ಕ್ಲಿಪ್ಪು ನೋಡಿ ಕಾಲೊನಿಯ ಹೆಂಗಸರು ಒಬ್ಬರನ್ನೊಬ್ಬರು ತಿವಿಯುವುದು ನನ್ನ ಕಣ್ಣಿಗೆ ಬೀಳತೊಡಗಿತು. ಅವಳ ಜೊತೆ ಹೊರಟರೆ ನಾನು ಬೇಕೆಂದೇ ಹತ್ತಡಿ ಹಿಂದೆ ಉಳಿಯುತ್ತಿದ್ದೆ. ಚಪ್ಪಲಿ ಸರಿಮಾಡಿಕೊಳ್ಳುವ ನೆಪ. ಆ ವರ್ಷ ನನ್ನ ಚಪ್ಪಲಿ ಸರಿಹೋಗಿದ್ದೇ ಇಲ್ಲ.

ಎರಡನೇ ಪಿಯುಸಿಯ ಕೊನೆಗೆ ಬೀಳ್ಕೊಡುಗೆ ಸಮಾರಂಭ. ಆ ದಿನ ಹುಡುಗಿಯರೆಲ್ಲ ಸೀರೆ ಉಡುವುದು ನಮ್ಮ ಕಡೆಯ ಕಾಲೇಜುಗಳ ಪದ್ಧತಿ. ಅಮ್ಮಂದಿರ ಬೀರುವಿನಿಂದ ಎತ್ತಿ ತಂದ ಸೀರೆ, ಮೊದಲ ಸಲ ಉಡುವ ಸಂಭ್ರಮ. ಉಡಿಸುವವರು ಯಾರು? ನಮ್ಮತ್ತೆ ಅದಕ್ಕೆಂದೇ ರಜೆ ಹಾಕಿದಳು. ಬೆಳಗ್ಗೆ ಏಳಕ್ಕೆಲ್ಲ ಎಂಟು ಹುಡುಗಿಯರು ನಮ್ಮ ಮನೆಯಲ್ಲಿ. ಅತ್ತೆ ಬಾಯಿತುಂಬ ಪಿನ್ನು ಕಚ್ಚಿಕೊಂಡು ಸರದಿಯ ಮೇಲೆ ಒಬ್ಬೊಬ್ಬಳಿಗೆ ನೆರಿಗೆ ಹಿಡಿದಳು. ಕಿಲಕಿಲ ನಗುತ್ತಿದ್ದ ಶಿವಾಜಿನಗರದ ಷಾಹೀನಾಳಿಗೆ, "ಹಿಲೋ ನಕ್ಕೋ! ಅಲ್ಲಾಡಿದ್ರೆ ಪಿನ್ನು ನಂಗೇ ಚುಚ್ಚತ್ತೆ!" ಎಂದು ಎರಡು ಭಾಷೆಯಲ್ಲಿ ಬೈದಳು. ಎಂಟೂ ಜನ ತಯಾರಾದೆವು. ಹಲಸೂರಿನ ಸ್ಟುಡಿಯೋಗೆ ಹೋಗಿ ಗುಂಪು ಫೋಟೋ ತೆಗೆಸಿಕೊಂಡು ಕಾಲೇಜಿಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿದ್ದೆವು.

"ಒಂದೈದು ನಿಮಿಷ ಇರ್ರೇ" ಎಂದು ಅತ್ತೆ ಒಳಗೆ ಹೋದಳು.

ಹೊರಗೆ ಬಂದಾಗ ಅವಳು ಉಟ್ಟಿದ್ದದ್ದು ನನ್ನ ಲಂಗ ದಾವಣಿ. ಯಾರದೋ ಮದುವೆಗೆಂದು ನನಗೆ ಹೊಲಿಸಿದ್ದ ಹಸಿರು ಲಂಗ, ಅರಿಶಿನ ಬಣ್ಣದ ದಾವಣಿ. ನಲವತ್ತಾರರ ಸಣಕಲು ಹೆಂಗಸು, ಕಿವಿಯ ಹತ್ತಿರ ನರೆಗೂದಲು, ಎರಡು ಜಡೆ. ಲಂಗ ಸ್ವಲ್ಪ ಗಿಡ್ಡವಾಗಿತ್ತು. "ಎಂಟು ಜನ ಸೀರೆ, ಒಬ್ಳು ದಾವಣಿ. ಫೋಟೋದಲ್ಲಿ ಚೆನ್ನಾಗಿ ಕಾಣತ್ತೆ ಅಲ್ವೇನೇ?" ಎಂದು ನನ್ನನ್ನೇ ಕೇಳಿದಳು.

ಯಾರೋ ಕಿಸಕ್ಕೆಂದರು.

"ಅತ್ತೆ, ವಯಸ್ಸಿಗೆ ತಕ್ಕ ಹಾಗೆ ಇರು."

"ಯಾವ ವಯಸ್ಸಿಗೆ?" ಎಂದಳು ಅತ್ತೆ. ಅದು ಅವಳ ಹಳೆಯ ತಮಾಷೆ. ಎಲ್ಲರೂ ನಗಲು ತಯಾರಾಗಿ ನನ್ನ ಮುಖ ನೋಡಿದರು.

"ಆಫೀಸಿನ ವಯಸ್ಸಿಗೆ" ಎಂದೆ.

ಯಾರೂ ನಗಲಿಲ್ಲ. ಅತ್ತೆ, "ಅದೂ ಸರಿನೇ" ಎಂದು ಒಳಗೆ ಹೋದಳು. ಹೇಳಿದ್ದಂತೆ ಐದೇ ನಿಮಿಷಕ್ಕೆ ಸೀರೆ ಉಟ್ಟು, ತುರುಬು ಕಟ್ಟಿಕೊಂಡು ಬಂದಳು. ಸೆಲ್ವಿಯ ಸೆರಗಿನ ಪಿನ್ನು ಜಾರಿದ್ದನ್ನು ಸರಿಮಾಡಿದಳು. ಊಟದ ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೊರಟುಹೋದಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ಹಾಕಿದ ರಜೆಯನ್ನು ಅವಳು ವಾಪಸ್ ತೆಗೆದುಕೊಂಡದ್ದು ಅದೊಂದೇ ಸಲ.

ಆಮೇಲೆ ಅತ್ತೆ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಸಂಜೆ ಕಾಲೊನಿಯ ಹಿರಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂತು ಮಂಡಿನೋವಿನ ವಿಚಾರ ಮಾತಾಡಿದಳು. ನನ್ನನ್ನು "ಬಾಮ್ಮ, ಹೋಗಮ್ಮ" ಎಂದು ಕರೆದಳು. ಹೊಸ ಸಿನಿಮಾದ ಪೋಸ್ಟರು ನೋಡಿ, "ಈಗಿನವು ಒಂದೂ ಚೆನ್ನಾಗಿರಲ್ಲ" ಎಂದಳು. ನಾನು ಬೇಡಿಕೊಂಡಿದ್ದು ಇದನ್ನೇ ಅಲ್ಲವೇ? ನಾಲ್ಕು ದಿನಕ್ಕೆ ಮನೆ ಬಿಕೋ ಎನ್ನತೊಡಗಿತು. ಇಂಥ ಅತ್ತೆ ನನಗೆ ಬೇಡವಾಗಿತ್ತು. ಹಳೆಯವಳನ್ನು ವಾಪಸ್ ಕೇಳುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಭಾನುವಾರ ಅಪ್ಪ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದ. ನನ್ನನ್ನು ಕರೆದು ಇನ್ನೊಂದು ಬಟ್ಟೆ ಕೈಗೆ ಕೊಟ್ಟ. ಅಪ್ಪ ಬೈಯುವ ಪೈಕಿಯವನಲ್ಲ, ಮಾತೂ ಕಡಿಮೆ.

"ಅಕ್ಕ ದಾವಣಿ ಉಟ್ಟಿದ್ಲಂತೆ?"

"ಹೂಂ."

"ನಮ್ಮಪ್ಪ ಹೋದಾಗ ಅವಳು ದಾವಣಿ ಉಡ್ತಿದ್ಲು. ಕೆಲಸದ ಕಾಗದ ಬಂತು. ಶನಿವಾರ ದಾವಣಿ, ಸೋಮವಾರ ಸೀರೆ. ಉಡಿಸೋಕೆ ನಮ್ಮಮ್ಮ ಮೇಲೇಳೋ ಸ್ಥಿತೀಲೇ ಇರ್ಲಿಲ್ಲ. ಒಬ್ಳೇ ಮೂರು ಸಲ ಬಿಚ್ಚಿ ಮೂರು ಸಲ ಉಟ್ಲು. ನಾನು ಬಸ್‌ಸ್ಟಾಪ್ ತನಕ ಹೋಗಿದ್ದೆ. ಬಸ್ ಹತ್ತೋವಾಗ ನೆರಿಗೆ ತುಳಿದು ಬಿದ್ಬಿಟ್ಲು. ಮಂಡಿಯಿಂದ ರಕ್ತ. ಎದ್ದು, ನನ್ನ ಕಡೆ ನೋಡಿ ನಕ್ಕು, ಹಾಗೇ ಹತ್ಕೊಂಡು ಹೋದ್ಲು. ಆ ವಾರವೇ ತನ್ನ ದಾವಣಿಗಳನ್ನೆಲ್ಲ ಯಾರ್ಯಾರಿಗೋ ಕೊಟ್ಬಿಟ್ಲು." ಅಪ್ಪ ಸ್ಕೂಟರಿನ ಕನ್ನಡಿಯನ್ನು ಬಹಳ ಹೊತ್ತು ಒರೆಸಿದ. "ನಾನು ಓದಿದ್ದು ಅದ್ರಿಂದ. ನೀನೂ ಓದ್ತಿರೋದು ಅದ್ರಿಂದಾನೇ."

ಹದಿನೇಳು ವರ್ಷದವರಿಗೆ ತಪ್ಪಾಯಿತು ಎನ್ನಲು ಬರುವುದಿಲ್ಲ. ನನಗಂತೂ ಬರಲಿಲ್ಲ. ಸಂಜೆ ಲಂಗ ದಾವಣಿ ತೆಗೆದು ಅತ್ತೆಯ ಮಂಚದ ಮೇಲಿಟ್ಟೆ.

"ಕೆರೆ ಹತ್ರ ಹೋಗ್ಬರೋಣ. ಇದನ್ನ ಉಟ್ಕೋ."

"ಬೇಡಮ್ಮ. ಜನ ನಗ್ತಾರೆ."

"ನಗ್ಲಿ."

ಅತ್ತೆ ದಾವಣಿಯ ಅಂಚನ್ನು ಬೆರಳಲ್ಲಿ ಸವರುತ್ತಾ ಕೇಳಿದಳು, "ಹತ್ತಡಿ ಹಿಂದೆ ನಡೀತೀಯಾ?"

ಅವಳಿಗೆ ಎಲ್ಲ ಗೊತ್ತಿತ್ತು! ಇಡೀ ವರ್ಷ ಗೊತ್ತಿತ್ತು. ನನಗೆ ಅಳು ಬಂತು. "ಇಲ್ಲ, ಪಕ್ಕದಲ್ಲೇ" ಎಂದೆ.

ಜನ ನಕ್ಕರು, ಸುಳ್ಳು ಯಾಕೆ ಹೇಳಲಿ? ಕಾಲೊನಿಯ ಕಟ್ಟೆ ನಕ್ಕಿತು. ಬಸ್ಸಿನ ಕಂಡಕ್ಟರು ಎರಡು ಸಲ ತಿರುಗಿ ನೋಡಿದ. ಅತ್ತೆ ಮೊದಲು ಸೆರಗಿನಲ್ಲಿ ಜಡೆ ಮುಚ್ಚಿಕೊಂಡು ಕೂತಿದ್ದಳು. ಹಲಸೂರಿನಲ್ಲಿ ಇಳಿದ ಮೇಲೆ ತಲೆಯೆತ್ತಿ ನಡೆದಳು. ಕೆರೆಯ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಒಬ್ಬ ಮುದುಕಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕಣ್ಣು ಮಂಜಾದವಳು. ನಮ್ಮ ಕಡೆ ಮುಖ ಎತ್ತಿ, "ಪಾಪಾ, ಪೂ ವೇಣುಮಾ?" ಎಂದು ಕೂಗಿದಳು. ತಮಿಳಿನಲ್ಲಿ ಪಾಪಾ ಎಂದರೆ ಪುಟ್ಟ ಹುಡುಗಿ. ನನ್ನನ್ನೇ ಕರೆದದ್ದೆಂದು ನಾನು ಹೆಜ್ಜೆ ಮುಂದಿಟ್ಟೆ.

ಅತ್ತೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. "ನಿನ್ನನ್ನಲ್ಲ ಕಣೇ" ಎಂದು ಪಿಸುಗುಟ್ಟಿದಳು. "ನೀನು ನೈಟಿ ಥರದ ಚೂಡಿದಾರ್ ಹಾಕಿದೀಯ. ದಾವಣಿ ನೋಡಿ ನನ್ನನ್ನ ಕರೆದಿದ್ದು!"

ಹೋಗಿ ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆನ್ನು ತಿರುಗಿಸಿದಳು. ಮುದುಕಿ ತಡವರಿಸುತ್ತಾ ಎರಡೂ ಜಡೆಗೆ ಹೂ ಸಿಕ್ಕಿಸಿ ಕೆನ್ನೆ ತಟ್ಟಿದಳು. ಎದ್ದು ನಿಂತ ಅತ್ತೆಯ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನ ಹರೆಯದಲ್ಲಿ ಎಷ್ಟೋ ಸಂಜೆಗಳು ಚೆನ್ನಾಗಿದ್ದವು, ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ.

ಕೆರೆಗೆ ಹೋಗಲು ದೊಡ್ಡ ರಸ್ತೆ ದಾಟಬೇಕಿತ್ತು. ಬಸ್ಸು, ಲಾರಿ, ಆಟೋ ಒಂದರ ಹಿಂದೊಂದು ಬರುತ್ತಿದ್ದವು. ಅತ್ತೆ ಲಂಗ ಎತ್ತಿ ಹಿಡಿದು ಓಡುವ ಅಂದಾಜಿನಲ್ಲಿದ್ದಳು. ನನಗಾಗ ಹದಿನೇಳು, ಅವಳಿಗೆ ಹದಿನಾರು. ನಾನೇ ದೊಡ್ಡವಳಾದ್ದರಿಂದ ಅವಳ ಕೈ ಹಿಡಿದುಕೊಂಡೆ, ಎರಡೂ ಕಡೆ ನೋಡಿ, ನಿಧಾನವಾಗಿ ರಸ್ತೆ ದಾಟಿಸಿದೆ.